ಒಂದು ಬಕೇಟು ನೆಲ

ಆ ಆಸ್ಪತ್ರೆಗೆ ಇಬ್ಬರು ಮೇಟ್ರನ್. ಒಬ್ಬರು ಮಿಸ್ ಗಿಲ್‌ಕ್ರಿಸ್ಟ್, ನರ್ಸುಗಳ ಮುಖ್ಯಸ್ಥೆಯಾಗಿ ದಿನವಿಡೀ ವಾರ್ಡಿನಲ್ಲಿರುತ್ತಿದ್ದರು. ಇನ್ನೊಬ್ಬರು ಬೆಳಿಗ್ಗೆ ಹತ್ತಕ್ಕೆ, ಚಹಾದ ಹೊತ್ತಿಗೆ ಮಾತ್ರ, ಅಡುಗೆಮನೆಯಲ್ಲಿ ಪ್ರತ್ಯಕ್ಷರಾಗುತ್ತಿದ್ದರು. ಅವರಿಗೆ ಮೀಸೆಯಿತ್ತು, ಉಗುರಿನ ಸಂದಿಯಲ್ಲಿ ಕಲ್ಲಿದ್ದಲ ಕಪ್ಪಿತ್ತು. ಬೀಗದಕೈ ಗೊಂಚಲಿನ ಬದಲು ಎರಡು ಚಮಚಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗದ್ದ ಎತ್ತಿ, ನೆಲದ ಹಲಗೆಗೆ ನೋವಾಗದಂತೆ ಹೆಜ್ಜೆಯಿಟ್ಟು ಬಂದು, ಅಡುಗೆಯ ಡೆಸ್ಮಂಡನ ಸೂಪಿನ ಪಾತ್ರೆಯಲ್ಲಿ ಇಣುಕಿ, ಇದಕ್ಕೆ ಜ್ವರ ಎಷ್ಟಿದೆ ಎಂದು ಕೇಳುತ್ತಿದ್ದರು. ನರ್ಸುಗಳು ಬಿಸ್ಕತ್ತು ಬಾಯಲ್ಲಿಟ್ಟುಕೊಂಡೇ ನಗುತ್ತಿದ್ದರು.

ಇದು ಬಾಯ್ಲರ್ ಕೆಲಸದ ತಾಮತಿಯ ಆಟ. ಹದಿನೇಳು ವರ್ಷದಿಂದ ಅವನು ಬಾಯ್ಲರಿನ ಬಾಯಿಗೆ ಕಲ್ಲಿದ್ದಲು ಹಾಕುತ್ತಿದ್ದ. ತನ್ನ ಬಾಯಿಗೆ ಸಿಕ್ಕವರನ್ನೆಲ್ಲ ಹಾಕಿಕೊಳ್ಳುತ್ತಿದ್ದ. ದೊಡ್ಡ ಡಾಕ್ಟರರ ಕೆಮ್ಮು, ಪಾದ್ರಿಯ ಮೂಗು, ಯಾವುದನ್ನೂ ಬಿಟ್ಟವನಲ್ಲ. ಆದರೆ ಅಲ್ಲಿನ ಬಿಳಿಯರಿಗೆ ಎಲ್ಲಕ್ಕಿಂತ ಹಿಡಿಸುತ್ತಿದ್ದುದು ಅವನು ಆ ನಾಡಿನ ಮೂಲನಿವಾಸಿಗಳಾದ ತನ್ನ ಮಾವೋರಿ ಜನರನ್ನೇ ಅಣಕಿಸುವುದು. ಹಳ್ಳಿಯ ಮುದುಕನೊಬ್ಬ ಇಂಗ್ಲಿಷ್ ಮಾತನ್ನು ಬಿಸಿ ಗೆಣಸಿನಂತೆ ಬಾಯಲ್ಲಿ ಹೊರಳಿಸುವುದು, ಒಬ್ಬ ರೋಗಿಯನ್ನು ನೋಡಲು ಹದಿನಾಲ್ಕು ಮಂದಿ ಬಂದು ಮಂಚದ ಸುತ್ತ ನಿಂತು ಹಾಡುವುದು. ಹದಿನಾಲ್ಕು ಮಂದಿಯನ್ನೂ ಅವನೊಬ್ಬನೇ ಮಾಡುತ್ತಿದ್ದ.

ಅವನನ್ನು ಅಲ್ಲಿ ಯಾರೂ ತಾಮತಿ ಎನ್ನುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ದಿನವೇ ಟಾಮಿ ಆಗಿದ್ದ. ನಮ್ಮ ಕಡೆ ಆ ಹೆಸರನ್ನು ಯಾರಿಗೆ ಇಡುತ್ತಾರೆಂದು ಹೇಳಬೇಕಿಲ್ಲ. ಅವನಿಗೆ ಅದು ತಿಳಿಯುವ ಸಂಭವವಿರಲಿಲ್ಲ. ಕರೆದಾಗ ಓಡಿ ಬರುವುದು, ಕರೆದವರನ್ನು ನಗಿಸುವುದು, ಬೆನ್ನು ತಟ್ಟಿಸಿಕೊಂಡು ಹೋಗುವುದು, ಇಷ್ಟು ತಿಳಿದಿತ್ತು.

ಅವನ ಕೆಲಸದಲ್ಲಿ ಯಾರನ್ನೂ ನಗಿಸಲಾಗದ ಭಾಗವೊಂದಿತ್ತು. ದಿನಾ ಬೆಳಿಗ್ಗೆ ಎಂಟಕ್ಕೆ ಹೆರಿಗೆ ವಾರ್ಡಿನ ಹಿಂಬಾಗಿಲಲ್ಲಿ ಮುಚ್ಚಳ ಹಾಕಿದ ಬಕೇಟು ಇಟ್ಟಿರುತ್ತಿದ್ದರು. ಮಗು ಹೊರಬಂದ ಮೇಲೆ ತಾಯಿಯ ಒಡಲಿಂದ ಬೀಳುವ ಮಾಸು ಅದರಲ್ಲಿ. ಅದನ್ನು ಬಾಯ್ಲರಿಗೆ ಹಾಕಿ, ಬಕೇಟು ತೊಳೆದಿಡಬೇಕು. ನಮ್ಮ ಹಳ್ಳಿಗಳಲ್ಲಿ ಅದಕ್ಕೆ ಸಲೀಸಾಗಿ 'ಕಸ' ಎಂದುಬಿಡುತ್ತೇವೆ. ಕಸ ಬಿತ್ತೇ ಎಂದು ಸೂಲಗಿತ್ತಿಯನ್ನು ಕೇಳುತ್ತೇವೆ. ಮಾವೋರಿ ಮಾತಿನಲ್ಲಿ ಅದರ ಹೆಸರು ಫೆನುವಾ. ನೆಲಕ್ಕೂ ಅದೇ ಹೆಸರು. ಎರಡಕ್ಕೆ ಎರಡು ಮಾತು ಬೇಕೆಂದು ಆ ಜನಕ್ಕೆ ಯಾವತ್ತೂ ಅನಿಸಿಲ್ಲ. ಮಗುವಿನ ಫೆನುವಾವನ್ನು ಹಿರಿಯರ ಫೆನುವಾದಲ್ಲಿ ಹೂಳಿ, ಮೇಲೊಂದು ಗಿಡ ನೆಡಬೇಕು. ಹೂಳಿದ ಜಾಗವೇ ಆ ಮಗು ಬದುಕಿನುದ್ದಕ್ಕೂ ಕಾಲೂರಿ ನಿಲ್ಲುವ ಜಾಗ.

ತಾಮತಿಗೆ ಇದೆಲ್ಲ ಗೊತ್ತಿತ್ತು. ಅವನದೇ ಫೆನುವಾ ವೈರೆಕಾ ಹಳ್ಳಿಯಲ್ಲಿ, ಸಭಾಮನೆಯ ಹಿಂದಿನ ಮರಗಳ ಸಾಲಿನಲ್ಲಿ, ಒಂದು ಕರಾಕಾ ಮರದ ಬುಡದಲ್ಲಿತ್ತು. ಗೊತ್ತಿರುವುದನ್ನು ಗೊತ್ತಿಲ್ಲದಂತೆ ಇಟ್ಟುಕೊಳ್ಳಲು ಅವನಿಗೊಂದು ಉಪಾಯವಿತ್ತು. ಬಾಯ್ಲರಿನ ಬಾಗಿಲು ತೆಗೆಯುವಾಗ ಯಾರದಾದರೂ ದನಿಯನ್ನೂ ತೆಗೆಯುತ್ತಿದ್ದ. ಡಾಕ್ಟರರ ಕೆಮ್ಮು ಕೆಮ್ಮುತ್ತ ಬಕೇಟು ಬಗ್ಗಿಸಿದರೆ, ಬಗ್ಗಿಸಿದ್ದು ಡಾಕ್ಟರು, ತಾನಲ್ಲ.

ಆಗಸ್ಟಿನ ಒಂದು ಬುಧವಾರ, ಆ ನಾಡಿನ ಚಳಿಗಾಲ ಇನ್ನೂ ಬಿಡದ ದಿನ, ವಾರ್ಡಿನಲ್ಲಿ ಒಂದರ ಹಿಂದೊಂದು ಮೂರು ಹೆರಿಗೆಯಾದವು. ಮೊದಲನೆಯದು ಹಾರ್‌ಗ್ರೀವ್ಸ್ ಎಂಬ ಕುರಿ ಸಾಹುಕಾರನ ಹೆಂಡತಿಗೆ, ಗಂಡು. ಎರಡನೆಯದು ಅಂಚೆಕಚೇರಿಯ ಗುಮಾಸ್ತ ಪಿಲ್ಚರನ ಹೆಂಡತಿಗೆ, ಹೆಣ್ಣು. ಬೆಳಕು ಹರಿದ ಮೇಲೆ ಕೊನೆಯದು ವೈರೆಕಾದ ಮರಾಮಾಗೆ, ಅದೂ ಹೆಣ್ಣು. ಇಪ್ಪತ್ತೊಂದು ವರ್ಷದ ಮರಾಮಾ, ಅದನ್ನು ಎಸೆಯಬೇಡಿ, ನಮ್ಮಜ್ಜಿ ಬರುತ್ತಾಳೆ ಎಂದು ನರ್ಸಿಗೆ ಪಿಸುಗುಟ್ಟಿದ್ದಳು. ಪಾಳಿ ಮುಗಿಸಿ ಮನೆಗೆ ಹೊರಟಿದ್ದ ನರ್ಸು ಆಗಲಿ ಆಗಲಿ ಎಂದಿದ್ದಳು. ಆಗಲಿ ಎಂದದ್ದು ಆಗಲಿಲ್ಲ. ಮೂರೂ ಒಂದೇ ಬಕೇಟಿಗೆ ಬಿದ್ದವು. ತಾಮತಿ ಅಂದು ಬಾಯ್ಲರಿನ ಬೂದಿ ತೆಗೆದಿದ್ದರಿಂದ ಬೆಂಕಿ ತಗ್ಗಿತ್ತು. ಚಹಾ ಕುಡಿದು ಬಂದು ಸುಟ್ಟರಾಯಿತೆಂದು ಬಕೇಟನ್ನು ಕಲ್ಲಿದ್ದಲ ರಾಶಿಯ ಪಕ್ಕ ಇಟ್ಟಿದ್ದ.

ಮರಾಮಾಳ ಅಜ್ಜಿ ಹೀರಿಯಾ ಡೈರಿಗೆ ಕೆನೆ ಸಾಗಿಸುವ ಲಾರಿಯಲ್ಲಿ ಬಂದಿಳಿದಾಗ ಹತ್ತಾಗಲು ಐದು ನಿಮಿಷ. ಗದ್ದದ ಮೇಲೆ ಹಚ್ಚೆ, ತಲೆಗೆ ಕಪ್ಪು ಶಾಲು, ಕೈಯಲ್ಲಿ ಸಣ್ಣದೊಂದು ಹೊಸ ಬುಟ್ಟಿ. ಅದನ್ನು ಹರಕೆಕೆ ಎಂಬ ಗಿಡದ ನಾರಿನಲ್ಲಿ ಅವಳೇ ಹೆಣೆದಿದ್ದಳು. ಆ ಹೆಸರಿನಲ್ಲಿ ನಮ್ಮ ಕಿವಿಗೆ ಕೇಳುವ ಹರಕೆ ಅವಳ ಕಿವಿಗೆ ಕೇಳುವಂಥದ್ದಲ್ಲ; ಆದರೂ ಅದು ಹರಕೆಯ ಬುಟ್ಟಿಯೇ. ಮರಾಮಾಳ ಮೊದಲ ಮಗು ಎರಡು ವರ್ಷದ ಹಿಂದೆ ಇದೇ ವಾರ್ಡಿನಲ್ಲಿ ಹುಟ್ಟಿ ಇಪ್ಪತ್ತೆರಡು ದಿನ ಬದುಕಿತ್ತು. ಅದರ ಫೆನುವಾ ಸುಟ್ಟುಹೋಗಿತ್ತು. ನಿಲ್ಲಲು ಜಾಗವಿಲ್ಲದ ಮಗು ನಿಲ್ಲಲಿಲ್ಲ ಎಂದು ಹೀರಿಯಾ ನಂಬಿದ್ದಳು. ಈ ಸಲದ್ದನ್ನು ಹೊತ್ತು ಮುಳುಗುವ ಮೊದಲು ಊರಿಗೆ ಒಯ್ಯುತ್ತೇನೆಂದು ಮೊಮ್ಮಗಳಿಗೆ ಮಾತು ಕೊಟ್ಟಿದ್ದಳು.

ಅವಳಿಗೆ ಇಂಗ್ಲಿಷ್ ಬಾರದು, ಮೇಟ್ರನ್ನಿಗೆ ಮಾವೋರಿ ಬಾರದು. ಇಬ್ಬರೂ ಎದುರಾದದ್ದು ಅಡುಗೆಮನೆಯ ಬಾಗಿಲಲ್ಲಿ. ಒಳಗೆ ಚಹಾದ ಮಂದಿ ಪೂರ್ತಿ ನೆರೆದಿತ್ತು.

"ಟಾಮಿ, ಇಲ್ಲಿ ಬಾ. ಈಕೆಗೆ ಏನು ಬೇಕಂತೆ, ಕೇಳು."

ತಾಮತಿ ಎದ್ದು ಬಂದ. ಹೀರಿಯಾ ಅವನ ತಾಯಿಯ ಅಕ್ಕ. ತಾಯಿ ತೀರಿಕೊಂಡ ಮೇಲೆ ನಾಲ್ಕು ವರ್ಷ ಉಣಿಸಿ ಮಲಗಿಸಿದವಳು. ಅವಳನ್ನು ಇಲ್ಲಿ ಕಂಡು, ಗದ್ದದ ಹಚ್ಚೆಯಿಂದ ಕೆಸರು ಮೆತ್ತಿದ ಬೂಟಿನ ತನಕ ನೋಡಿ, ಅವನಿಗೆ ನಾಚಿಕೆಯಾಯಿತು. ಯಾರ ಮುಂದೆ, ಯಾರ ಬಗ್ಗೆ ಎಂದು ಬಿಡಿಸಿ ನೋಡಲು ಅವನು ಹೋಗಲಿಲ್ಲ.

"ನಮ್ಮ ಫೆನುವಾ ಕೊಡೋಕ್ ಹೇಳು ಮಗಾ," ಎಂದಳು ಹೀರಿಯಾ. "ಮನೆಗೆ ಕರ್ಕೊಂಡ್ ಹೋಗೋಕ್ ಬಂದಿದೀನಿ."

ಅರ್ಥ ಹೇಳುವುದು ಕಷ್ಟವಿರಲಿಲ್ಲ. ಆದರೆ ಹತ್ತು ಹನ್ನೆರಡು ಜೋಡಿ ಕಣ್ಣು ಅವನ ಬಾಯಿಯನ್ನೇ ನೋಡುತ್ತಿದ್ದವು. ಎರಡರ್ಥದ ಪದವೊಂದು ನಾಲಿಗೆಗೆ ಬಂದಾಗ ಕೆಲಸಕ್ಕೆ ಬಾರದ ಅರ್ಥವನ್ನೇ ಮುಂದೆ ತಳ್ಳುವುದು ಶ್ಲೇಷೆಯ ಚಟ. ಅದು ಕುಡಿತದ ಚಟದಂಥದ್ದೇ. ಕುಡಿಯುವವನೊಬ್ಬ, ತೂರಾಡುವವರು ಬೇರೆ, ಅಷ್ಟೇ ವ್ಯತ್ಯಾಸ.

"ಮೇಟ್ರನ್," ಎಂದ ತಾಮತಿ ಗಂಭೀರವಾಗಿ, "ಇವರ ನೆಲ ಇವರಿಗೆ ವಾಪಸ್ ಬೇಕಂತೆ."

ಡೆಸ್ಮಂಡ್ ಚಹಾ ಉಗುಳಿದ. ಮಿಸ್ ಗಿಲ್‌ಕ್ರಿಸ್ಟ್ ಕೂಡ, ಅಪರೂಪಕ್ಕೆ, ತುಟಿಯ ಒಂದು ತುದಿಯನ್ನು ಸಡಿಲಿಸಿದರು. ಭೂಮಿ ಕಚೇರಿ ಇರುವುದು ಪೇಟೆಬೀದಿಯಲ್ಲಿ, ಇದು ಹೆರಿಗೆ ವಾರ್ಡು ಎಂದು ಹೇಳಲು ಸೂಚಿಸಿದರು. ನಗು ಏರಿತು. ಇನ್ನು ತಾಮತಿಯನ್ನು ತಡೆಯುವವರಿರಲಿಲ್ಲ. ಬೆನ್ನು ಬಾಗಿಸಿದ, ಗದ್ದ ಮುಂದೆ ಚಾಚಿದ, ಮುದಿದನಿಯ ನಡುಕವನ್ನೂ ಬಿಡದೆ ಮುರುಕು ಇಂಗ್ಲಿಷಿನಲ್ಲಿ ಅಂದ:

"ಊರೆಲ್ಲಾ ನಿಮ್ಗೇ ಇರ್ಲಿ ತಾಯೀ, ನಂಗ್ ಒಂದ್ ಬಕೇಟು ಸಾಕು."

ಒಬ್ಬಿಬ್ಬರು ಗೋಡೆ ಹಿಡಿದು ನಕ್ಕರು. ಹೀರಿಯಾ ನಗುವವರನ್ನು ನೋಡಲಿಲ್ಲ, ಅವನನ್ನು ನೋಡಿದಳು. ಮಾತು ತಿಳಿಯದಿರಬಹುದು, ತನ್ನ ದನಿ ಯಾರಿಗೆ ತಿಳಿಯುವುದಿಲ್ಲ? ಅದು ತನ್ನ ಬಾಯಿ ಬಿಟ್ಟು ತಂಗಿಯ ಮಗನ ಬಾಯಿಂದ ಬರುವುದನ್ನು ಕೊನೆಯವರೆಗೂ ಕೇಳಿಸಿಕೊಂಡಳು. ನಗು ಅಡಗುವುದನ್ನು ಕಾದು, ಮೆಲ್ಲಗೆ ಕೇಳಿದಳು:

"ನೀನು ನಾನಾಗಿದ್ದು ಆಯ್ತಾ ಮಗಾ? ಈಗ ನೀನಾಗಿ ಅವಳಿಗೆ ಹೇಳು."

ತಾಮತಿ ಹೇಳಿದ. ಈ ಸಲ ಇದ್ದದ್ದು ಇದ್ದಂತೆ. ಒಬ್ಬ ನರ್ಸು ಛೀ ಎಂದು ಎದ್ದುಹೋದಳು.

ಮಿಸ್ ಗಿಲ್‌ಕ್ರಿಸ್ಟ್ ಕೆಟ್ಟ ಹೆಂಗಸಲ್ಲ. ಮುದುಕಿಯನ್ನು ಬೆಂಚಿನ ಮೇಲೆ ಕೂರಿಸಿ, ತಾವೂ ಪಕ್ಕದಲ್ಲಿ ಕೂತು, ಆಗುವುದಿಲ್ಲ ಎಂದರು. ಅವರು ಕೆಲಸಕ್ಕೆ ಸೇರಿದ ಮೊದಲ ವರ್ಷ ಬಾಣಂತಿ ನಂಜಿಗೆ ಒಂದೇ ತಿಂಗಳಲ್ಲಿ ಐವರು ಹೆಂಗಸರು ಸತ್ತಿದ್ದರು. ಅವರಲ್ಲಿ ಮೂವರು ಮಾವೋರಿಗಳು. ಅಂದಿನಿಂದ ಅವರಿಗೆ ನಿಯಮವೆಂದರೆ ಬೆಂಕಿ, ಬೆಂಕಿಯೆಂದರೆ ನಿಯಮ. ಒಡಲಿಂದ ಬಿದ್ದದ್ದನ್ನು ಕಸಾಯಿ ಅಂಗಡಿಯವನಂತೆ ಪೊಟ್ಟಣ ಕಟ್ಟಿ ಕೊಡಲಾರೆ ಎಂದರು. ಮೊದಲ ಕೂಸು ನಿಲ್ಲಲು ನೆಲವಿಲ್ಲದೆ ಹೋಯಿತು ಎಂದು ಹೀರಿಯಾ ತಾಮತಿಯಿಂದ ಹೇಳಿಸಿದಾಗ ಮೇಟ್ರನ್ ಒಪ್ಪಲಿಲ್ಲ.

"ಆ ಮೊದಲನೇ ಕೂಸು ಹೋಗಿದ್ದು ನ್ಯುಮೋನಿಯಾದಿಂದ. ಪೆಟ್ಟಿಗೆಯಲ್ಲಿ ಇಡೋ ಮುಂಚೆ ಈ ಕೈಯಲ್ಲೇ ಸ್ನಾನ ಮಾಡಿಸಿದೀನಿ. ಮನೆಯ ಹಸಿ ಗೋಡೆ ಒಣಗಿಸಿ ಅಂತ ಹೇಳು ಅವರಿಗೆ. ಹೂಳೋದರಿಂದ ಮಕ್ಕಳು ಉಳಿಯಲ್ಲ."

ತಾಮತಿ ಅದನ್ನು ತನ್ನ ಭಾಷೆಗೆ ತಿರುಗಿಸಿದ. ಹೀರಿಯಾ ಪ್ರತಿ ಮಾತಿಗೂ ತಲೆಯಾಡಿಸಿದಳು.

"ಸ್ನಾನ ಮಾಡಿಸಿದ್ದಕ್ಕೆ ಅವಳಿಗೆ ಒಳ್ಳೇದಾಗ್ಲಿ. ಗೋಡೆ ಹಸಿ ಇರೋದೂ ನಿಜ. ಒಣಗಿರೋ ಜಾಗ ಎಲ್ಲಾ ಬೇಲಿ ಆಚೆ ಹೋಯ್ತು, ನಾವ್ ಉಳಿದಿರೋದು ಜವುಗಲ್ಲಿ. ಜವುಗೇ ಆಗ್ಲಿ, ಅಲ್ಲೇ ಹೂಳ್ಬೇಕಲ್ಲ. ಬೇರೆ ಎಲ್ಲಿಗ್ ತಗೊಂಡ್ ಹೋಗ್ಲಿ?"

ಮೇಟ್ರನ್ ಎದ್ದರು. ಇವತ್ತಿನದು ಇನ್ನೂ ಸುಟ್ಟಿಲ್ಲವಂತಲ್ಲ, ಈಗಲೇ ಹೋಗಿ ಸುಡು ಎಂದು ತಾಮತಿಗೆ ಹೇಳಿದರು. ಮುದುಕಿ ಸುಮ್ಮನೆ ಕಾಯುವುದು ತಪ್ಪಲಿ ಎಂಬ ಕನಿಕರವೂ ಆ ಮಾತಿನಲ್ಲಿತ್ತು. ಹೋಗುವ ಮುಂಚೆ ಮಗುವನ್ನಾದರೂ ನೋಡಿಕೊಂಡು ಹೋಗಲಿ ಎಂದು, ಅವರೇ ಹೀರಿಯಾಳನ್ನು ಮಕ್ಕಳ ಕೋಣೆಯ ಗಾಜಿನ ಮುಂದೆ ಕರೆದೊಯ್ದು ನಿಲ್ಲಿಸಿದರು.

ಬಾಯ್ಲರ್ ಕೋಣೆಯಲ್ಲಿ ಬೆಂಕಿ ಸಿದ್ಧವಾಗಿತ್ತು. ತಾಮತಿ ಬಕೇಟಿನ ಮುಚ್ಚಳ ತೆಗೆದ, ಬಾಯ್ಲರಿನ ಬಾಗಿಲು ತೆಗೆದ. ಡಾಕ್ಟರರ ಕೆಮ್ಮು ಕೆಮ್ಮಲು ಹೋದ, ಬರಲಿಲ್ಲ. ಮೇಟ್ರನ್ನಿನ ಗದ್ದ ಎತ್ತಿದ. ಅದು ಅವನ ಗದ್ದವೇ ಆಗಿತ್ತು. ಎರಡು ವರ್ಷದ ಹಿಂದೆ ಮರಾಮಾಳ ಮೊದಲ ಮಗುವಿನದನ್ನು ಯಾರ ದನಿಯಲ್ಲಿ ಸುಟ್ಟಿದ್ದೆ ಎಂದು ಯೋಚಿಸಿದ. ನೆನಪಾಯಿತು. ಪಾದ್ರಿಯ ದನಿಯಲ್ಲಿ. ಬಟ್ಟೆ ಒಗೆಯುವ ಹೆಂಗಸರು ಬಾಗಿಲಲ್ಲಿ ನಿಂತು ಕಣ್ಣೀರು ಬರುವಂತೆ ನಕ್ಕಿದ್ದರು. ಆ ನಗು ಮಾಸಿರಲಿಲ್ಲ. ಮಾಸು ಮಾತ್ರ ಬೂದಿಯಾಗಿತ್ತು.

ಹದಿನೇಳು ವರ್ಷದಲ್ಲಿ ಎಷ್ಟು ಮಂದಿಯ ಊರು ಈ ಬಾಗಿಲೊಳಗೆ ಹೋದವೋ ಲೆಕ್ಕವಿಟ್ಟವರಿಲ್ಲ. ವೈರೆಕಾದಲ್ಲಿ ಸಭಾಮನೆಯ ಹಿಂದಿನ ಮರಗಳ ಸಾಲು ಇಷ್ಟು ವರ್ಷ ಒಂದು ಗಿಡದಷ್ಟೂ ಬೆಳೆಯದೆ ನಿಂತಿರುವುದನ್ನು ಅವನು ನೋಡಿದ್ದ. ಮಂದಿ ಪೇಟೆ ಸೇರಿದರು, ಪದ್ಧತಿ ಬಿಟ್ಟರು ಎಂದುಕೊಂಡಿದ್ದ. ಬಿಡಿಸಿದವನು ತಾನು ಎಂದು ಎಂದೂ ಅನಿಸಿರಲಿಲ್ಲ.

ಬಾಯ್ಲರಿನ ಬಾಗಿಲು ಮುಚ್ಚಿದ. ಬಕೇಟಿಗೆ ಮುಚ್ಚಳ ಹಾಕಿ, ಹಿಂದಿನ ಅಂಗಳದಲ್ಲಿ ನಿಲ್ಲಿಸಿದ್ದ ತನ್ನ ಹಳೆಯ ಟ್ರಕ್ಕಿನ ಕಡೆ ನಡೆದ. ಒಣಹಾಕಿದ ಚಾದರಗಳ ಸಾಲು ದಾಟುವಾಗ ಮಿಸ್ ಗಿಲ್‌ಕ್ರಿಸ್ಟ್ ಎದುರು ನಿಂತಿದ್ದರು. ಚಿಮಣಿಯ ಹೊಗೆ ದಟ್ಟವಾಗದಿದ್ದುದನ್ನು ಕಂಡು ಬಂದಿದ್ದರು.

"ಸುಟ್ಟೆಯಾ?"

"ಇಲ್ಲ ಮೇಟ್ರನ್."

"ಅದರಲ್ಲಿ ಮೂರಿವೆ. ಯಾವುದು ಯಾರದು ಅಂತ ನಿನಗೆ ಗೊತ್ತಾ?"

"ಗೊತ್ತಿಲ್ಲ."

"ಹಾರ್‌ಗ್ರೀವ್ಸ್ ಆಗಲಿ ಪಿಲ್ಚರ್ ಆಗಲಿ ಅದನ್ನ ನಿನಗೆ ಕೊಟ್ಟಿಲ್ಲ, ಟಾಮಿ. ಅವರದ್ದನ್ನ ಅವರನ್ನ ಕೇಳದೆ ತಗೊಂಡು ಹೋಗೋದಕ್ಕೆ ಏನಂತಾರೆ?"

ಇಂಥ ಪ್ರಶ್ನೆಗೆ ತಾಮತಿಯ ನಾಲಿಗೆಯಲ್ಲಿ ಹತ್ತು ಚಟಾಕಿ ಸಾಲಾಗಿ ನಿಲ್ಲಬೇಕಿತ್ತು. ಬಂದದ್ದು ಒಂದೇ ಮಾತು. ಅದು ಅವನ ಸ್ವಂತ ದನಿಯಲ್ಲಿತ್ತು. ಅವನಿಗೇ ಗುರುತು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು.

"ನಮ್ಮವ್ರೂ ನಿಮಗೆ ಕೊಟ್ಟಿರಲಿಲ್ಲ, ಮೇಟ್ರನ್."

ಅವನು ಒಡಲಿನ ಮಾತಾಡಿದನೋ ನೆಲದ ಮಾತಾಡಿದನೋ ಮಿಸ್ ಗಿಲ್‌ಕ್ರಿಸ್ಟ್‌ಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ಗಾಳಿಗೆ ಮೈಮೇಲೆ ಬಂದ ಚಾದರವನ್ನು ಸರಿಸಿ, ಕೈ ಚಾಚಿದರು. ಬಾಯ್ಲರ್ ಕೋಣೆಯ ಬೀಗದಕೈ ಕೊಟ್ಟು ಹೋಗು, ನಾಳೆಯಿಂದ ಬರಬೇಡ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ತಾಮತಿ ಮನೆಯಲ್ಲಿರುವ ಹೆಂಡತಿಯನ್ನೂ, ಆಸ್ಪತ್ರೆಯವರದೇ ಆದ ಆ ಮನೆಯನ್ನೂ ನೆನೆದ. ಬೀಗದಕೈ ಕೊಟ್ಟ. ಬಕೇಟನ್ನು ಕಿತ್ತುಕೊಳ್ಳಲು ಮೇಟ್ರನ್ ಕೈ ಮುಂದೆ ಮಾಡಲಿಲ್ಲ. ಅವರಿಂದ ಆದದ್ದು ಅಷ್ಟು.

ತಾಮತಿ ಕರೆದು ಹತ್ತಿಸಿಕೊಂಡ ಹೀರಿಯಾ ಟ್ರಕ್ಕಿನಲ್ಲಿ ಬಕೇಟನ್ನು ಕಾಲಸಂದಿಯಲ್ಲಿ ಇಟ್ಟುಕೊಂಡಳು. ಪೇಟೆ ದಾಟಿ ಹೊಳೆಯ ಪಕ್ಕದ ರಸ್ತೆಗೆ ಇಳಿದ ಮೇಲೆ ಮುಚ್ಚಳ ಸರಿಸಿ ನೋಡಿದಳು.

"ಇದ್ರಲ್ಲಿ ನಮ್ದು ಯಾವ್ದು?"

"ಗೊತ್ತಿಲ್ಲ ದೊಡ್ಡಮ್ಮ. ಬೆರೆತೋಗಿದೆ. ಇನ್ನೆರಡು ಬಿಳಿಯರ್ದು. ಒಂದು ಹಾರ್‌ಗ್ರೀವ್ಸಂದು."

ಆ ಹೆಸರನ್ನು ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ವೈರೆಕಾದ ಸಭಾಮನೆಯ ಮೂರು ಕಡೆಗೂ ಇರುವ ಬೇಲಿ ಅವನದು. ಅವನ ಅಜ್ಜ ಸರ್ಕಾರದ ಕಾಗದ ಹಿಡಿದು ಬಂದಾಗ ಹೀರಿಯಾಳಿಗೆ ಆರು ವರ್ಷ. ಬೇಲಿಗೂಟ ಹೊಡೆಯುವ ಸದ್ದನ್ನು ದಿನವಿಡೀ ಮರದ ಮೇಲೆ ಕೂತು ಕೇಳಿದ್ದಳು. ಅವಳು ಮುಚ್ಚಳ ಹಾಕಿದಳು. ಗಾಡಿ ಮೂರು ಮೈಲಿ ಸಾಗಿತು. ಗಾಡಿ ನಿಲ್ಲಿಸು, ಇದನ್ನು ಹೊಳೆಗೆ ಸುರಿ ಎನ್ನುತ್ತಾಳೆಂದು ತಾಮತಿ ಕಾದ. ಆ ಮನೆಯವರದನ್ನು ತಮ್ಮವರ ಸಾಲಿನಲ್ಲಿ ಹೂಳುವುದೆಂದರೆ ಏನೆಂದು ಅವನಿಗೂ ಗೊತ್ತಿತ್ತು. ಕೊನೆಗೆ ಅವನೇ ಬಾಯಿಬಿಟ್ಟ.

"ಮೊದಲನೇ ಕೂಸಿಂದೂ ನಾನೇ ಸುಟ್ಟಿದ್ದು, ದೊಡ್ಡಮ್ಮ."

"ಗೊತ್ತು," ಎಂದಳು ಹೀರಿಯಾ. "ನೀನ್ ಎಲ್ಲಿ ಏನ್ ಕೆಲಸ ಮಾಡ್ತೀಯ ಅಂತ ಊರಿಗೆಲ್ಲ ಗೊತ್ತು. ನೀನಾಗೇ ಬಂದು ಹೇಳ್ತೀಯ ಅಂತ ಕಾಯ್ತಾ ಇದ್ವಿ."

ತಾಮತಿ ರಸ್ತೆ ನೋಡುತ್ತ ಗಾಡಿ ಓಡಿಸಿದ. ಗಾಜಿಗೆ ಜಿಟಿಜಿಟಿ ಹನಿ ಬೀಳತೊಡಗಿತು. ಇನ್ನೊಂದು ತಿರುವು ಕಳೆದ ಮೇಲೆ ಅವಳು ಯಾರಿಗೂ ಅಲ್ಲವೆಂಬಂತೆ ಮಾತಾಡಿದಳು.

"ಗಾಜಿನಾಚೆ ಮೂರು ತೊಟ್ಲು. ನಮ್ಮದು ಯಾವ್ದು ಅಂತ ಆ ಹೆಂಗಸು ಬೆರಳು ತೋರ್ಸೋ ತನಕ ನಂಗ್ ತಿಳೀಲಿಲ್ಲ, ಮೂರೂ ಒಂದೇ ಕೆಂಪು. ಅವನಜ್ಜ ಬಂದಾಗ ಅವನತ್ರ ಕಾಗದ ಒಂದೇ ಇತ್ತು. ಕಾಗದಕ್ಕೆ ಬೇರಿಲ್ಲ. ಅದಕ್ಕೇ ಬೇಲಿ ಹಾಕ್ದ, ಹಾರಿ ಹೋಗುತ್ತೆ ಅಂತ. ಅರವತ್ತು ವರ್ಷ ಆಯ್ತು, ಇನ್ನೂ ಬಿಗೀತಾನೇ ಇದಾರೆ." ಬಕೇಟಿನ ಮೇಲೆ ಕೈಯಿಟ್ಟು, "ಕೂಸು ಏನ್ ಮಾಡ್ತು? ಮೂರನ್ನೂ ಹೂಳೋಣ," ಎಂದಳು. ಆಮೇಲೆ, "ಹಂಗಂತ ಬೆಳಿಗ್ಗೆ ನೀನ್ ಮಾಡಿದ್ದನ್ನ ಮರೀತೀನಿ ಅನ್ಕೋಬೇಡ," ಎಂದೂ ಸೇರಿಸಿದಳು.

ಗುಂಡಿ ತೋಡಿದವನು ತಾಮತಿ. ಸಾಲಿನ ಕೊನೆಯ ಮರದಾಚೆ ಹೀರಿಯಾ ಕಾಲಿನಿಂದ ಗೆರೆ ಎಳೆದು ತೋರಿಸಿದ ಜಾಗದಲ್ಲಿ, ಜವುಗು ಮಣ್ಣಿನಲ್ಲಿ. ಎರಡಡಿ ಹೋಗುವಷ್ಟರಲ್ಲಿ ನೀರು ಒಸರಿತು. ಇಬ್ಬರು ಮುದುಕರು, ಮೂವರು ಹೆಂಗಸರು ಬಂದು ಮಳೆಯಲ್ಲೇ ನಿಂತಿದ್ದರು. ವಿಷಯ ತಿಳಿದು ಅವರಲ್ಲೊಬ್ಬಳು ಮುಖ ತಿರುಗಿಸಿಕೊಂಡು ಮನೆಗೆ ನಡೆದಳು. ಅವಳ ಇಬ್ಬರು ಮಕ್ಕಳೂ ಆ ಆಸ್ಪತ್ರೆಯಲ್ಲಿ ಹುಟ್ಟಿದವರು. ಯಾರೂ ಅವಳನ್ನು ಕರೆಯಲಿಲ್ಲ.

ಬುಟ್ಟಿ ಒಂದಕ್ಕೆಂದು ಹೆಣೆದದ್ದು, ಮೂರು ಹಿಡಿಸಲಿಲ್ಲ. ಹೀರಿಯಾ ತಲೆಯ ಶಾಲು ಬಿಚ್ಚಿ ಉಳಿದವನ್ನು ಅದರಲ್ಲಿ ಸುತ್ತಿದಳು. ಅವಳ ಬಿಳಿಕೂದಲು ಮಳೆಗೆ ನೆನೆಯಿತು. ಬುಟ್ಟಿಯಲ್ಲಿರುವುದು ಯಾರದು, ಶಾಲಿನಲ್ಲಿರುವುದು ಯಾರದು ಎಂದು ಯಾರಿಗೂ ತಿಳಿಯದು. ಎರಡನ್ನೂ ಅಕ್ಕಪಕ್ಕ ಇಳಿಸಿದರು.

ಹಿರಿಯ ಮುದುಕ ಪ್ರಾರ್ಥನೆ ಶುರುಮಾಡಿದವನು ನಡುವೆ ನಿಂತ. ನೆಲಕ್ಕೆ ಹೆಸರು ಹೇಳಬೇಕು, ಯಾರ ಮಕ್ಕಳೆಂದು ಗುರುತು ಮಾಡಿಕೊಡಬೇಕು. ಮರಾಮಾಳ ವಂಶವನ್ನು ಅವನು ಏಳು ತಲೆಮಾರಿನ ತನಕ ಒಂದೇ ಉಸಿರಿನಲ್ಲಿ ಹೇಳಿದ್ದ. ಉಳಿದ ಎರಡು? ತಾಮತಿ ಗುಂಡಿಯ ಅಂಚಿನಲ್ಲಿ ನಿಂತು ಆ ಎರಡು ಮನೆಗಳ ಹೆಸರು ಹೇಳಿದ. ಮುದುಕ ಅವನ್ನು ಬಾಯಲ್ಲಿ ಹೊರಳಿಸಿ ನೋಡಿದ. ಅವನ ನಾಲಿಗೆಯಲ್ಲಿ ಆ ಅಕ್ಷರಗಳಿಗೆ ಜಾಗವಿರಲಿಲ್ಲ.

"ಪಿರಿಹಾ. ಹಾಕಿರೀವಿ." ಮುದುಕ ತಲೆಯಾಡಿಸಿ ಮತ್ತೆ ಯತ್ನಿಸಿದ. "ಹಾಕಿರೀವಿ. ಸರೀಗ್ ಬರ್ತಿಲ್ಲ ಕಣಪ್ಪ. ಅವರು ಹೆಂಗಂತಾರೆ, ನೀನೇ ಅಂದು ತೋರ್ಸು."

ಎಲ್ಲರೂ ಅವನ ಬಾಯಿಯನ್ನೇ ನೋಡಿದರು. ಹೀರಿಯಾಳೂ ನೋಡಿದಳು. ತಾಮತಿ ಮುಖದ ಮೇಲಿನ ಮಳೆನೀರು ಒರೆಸಿಕೊಂಡ.

"ಬೇಡ ತಾತ, ಸರಿಯಾಗೇ ಇದೆ," ಎಂದ. "ಇಲ್ಲಿ ಅವರ ಹೆಸರು ಅದೇ."

ಮುದುಕ ಆ ಹೆಸರುಗಳನ್ನು ಹಾಗೆಯೇ ನೆಲಕ್ಕೆ ಹೇಳಿದ. ತಾಮತಿ ಮೊಣಕಾಲೂರಿ, ಗುದ್ದಲಿಯನ್ನು ಪಕ್ಕಕ್ಕಿಟ್ಟು, ಕೈಯಿಂದಲೇ ಮಣ್ಣು ಎಳೆಯತೊಡಗಿದ.